ಶೀಫ್ ಹೊಳೆಯ ಕುಲುಮೆ, ಅಜ್ಜನ ಅಡಿಗಲ್ಲು

ಮಗಳು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಓದುತ್ತಿದ್ದಾಳೆ. ಹೋದ ವರ್ಷ ಜೂನ್‌ನಲ್ಲಿ ನಾವು ಗಂಡ ಹೆಂಡತಿ ಮೂರು ವಾರ ಅವಳ ಹತ್ತಿರ ಇದ್ದು ಬಂದೆವು. ಇದ್ದ ಎರಡು ಬ್ಯಾಗಿನಲ್ಲಿ ಒಂದು ಪೂರ್ತಿ ಮಂಡಕ್ಕಿ, ಶೇಂಗಾ ಹಿಂಡಿ, ಕಡಕ್ ರೊಟ್ಟಿ. ಲಂಡನ್ನು ಒಂದು ದಿನ ನೋಡಿದೆವು. ಅದನ್ನು ಎಲ್ಲರೂ ಬರೆದಿದ್ದಾರೆ, ಬಿಡಿ.

ನಾನು ಹರಿಹರದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಎರಡು ಲೇತ್, ಒಂದು ಶೇಪರ್, ಒಂದು ಡ್ರಿಲ್ಲಿಂಗ್ ಮಷಿನ್, ಮೂರು ಜನ ಹುಡುಗರು. ಟ್ರ್ಯಾಕ್ಟರ್ ಪಿನ್ನು, ಪಂಪಿನ ಬುಷ್ಷು, ರೈಸ್‌ಮಿಲ್ಲಿನ ಶಾಫ್ಟು, ಹೀಗೆ ಬಂದಿದ್ದು ಮಾಡುತ್ತೇವೆ. ಅಪ್ಪ ಟರ್ನರ್, ಅಂದರೆ ಲೇತ್ ಮೇಲೆ ಕೆಲಸ ಮಾಡುವವರು, ಆಗಿದ್ದರು. ಅಜ್ಜ ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಲ್ಲಿ ಕಮ್ಮಾರ. ಹಾಗಾಗಿ ಮಗಳು ಒಂದು ಬೆಳಿಗ್ಗೆ, "ಅಪ್ಪಾ, ಸಿಟಿ ಬಸ್ಸಲ್ಲಿ ಹೋದ್ರೆ ಹಳೇ ಕುಲುಮೆ ಒಂದಿದೆ, ನಿನಗೆ ಹಿಡಿಸುತ್ತೆ" ಅಂದಳು. ನನ್ನ ಹೆಂಡತಿಗೆ ಮಾತ್ರ ಸಿಟ್ಟು ಬಂತು. "ಹರಿಹರದಾಗೆ ದಿನಾ ನೋಡೋದನ್ನೇ ನೋಡಾಕೆ ವಿಮಾನ ಹತ್ತಿ ಬಂದ್ವಾ?" ಅಂತ ಕೇಳಿದಳು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಜಾಗದ ಹೆಸರು ಅಬ್ಬೆಡೇಲ್ ಇಂಡಸ್ಟ್ರಿಯಲ್ ಹ್ಯಾಮ್ಲೆಟ್, ಈಗ ಅದೊಂದು ಮ್ಯೂಸಿಯಂ. ಹ್ಯಾಮ್ಲೆಟ್ ಅಂದರೆ ನಮ್ಮ ಹಟ್ಟಿ ಇದ್ದ ಹಾಗೆ, ನಾಲ್ಕಾರು ಮನೆಯ ಸಣ್ಣ ಊರು. ಅಬ್ಬೆಡೇಲ್ ಅಂದರೆ ಮಠದ ಕಣಿವೆ. 12ನೇ ಶತಮಾನದಲ್ಲಿ ಹತ್ತಿರದಲ್ಲೇ ಬೀಚಿಫ್ ಅಂತ ಒಂದು ಕ್ರೈಸ್ತ ಮಠ ಶುರುವಾಗಿತ್ತು, ಆ ಹೆಸರು ಕಣಿವೆಗೆ ಅಂಟಿಕೊಂಡಿದೆ. ನಮ್ಮ ದುರ್ಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಠದ ತೋಟ, ಮಠದ ಕೆರೆ ಅಂತ ನಮ್ಮಲ್ಲೂ ಊರೂರಿಗೆ ಇವೆ.

ಬಸ್ಸಿಳಿದ ಮೇಲೆ ನಾನು ಮೊದಲು ಹುಡುಕಿದ್ದು ಹೊಳೆಯನ್ನು. ಶೀಫ್ ಹೊಳೆ. ಶೆಫೀಲ್ಡ್ ಅನ್ನೋ ಹೆಸರು ಬಂದಿದ್ದೇ ಈ ಹೊಳೆಯಿಂದ. ಒಂದು ಕಾಲಕ್ಕೆ ಎರಡು ಸೀಮೆಗೆ ಗಡಿ ಇದೇ ಆಗಿತ್ತಂತೆ, ಆಚೆ ದಂಡೆ ಡರ್ಬಿಶೈರ್, ಈಚೆ ದಂಡೆ ಯಾರ್ಕ್‌ಶೈರ್. ಇಷ್ಟೆಲ್ಲಾ ಕೇಳಿ ನಾನು ತುಂಗಭದ್ರೆಯಂಥದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ನೋಡಿದರೆ ನಮ್ಮ ಹಳ್ಳದಷ್ಟೂ ಅಗಲ ಇಲ್ಲ! ಎಮ್ಮೆ ಅಡ್ಡ ಮಲಗಿದರೆ ನೀರು ನಿಲ್ಲುತ್ತೆ ಅಂತ ನನ್ನವಳು ನಕ್ಕಳು.

ಆದರೆ ಕಾಲುವೆ, ತೂಬು, ಕಟ್ಟೆ ಇವನ್ನೆಲ್ಲ ಒಂದು ಸುತ್ತು ಹಾಕಿ ನೋಡಿದ ಮೇಲೆ ಲೆಕ್ಕ ಗೊತ್ತಾಯಿತು. ಹೊಳೆ ಸಣ್ಣದು, ಆದರೆ ಇಳಿಜಾರು ಜಾಸ್ತಿ, ವರ್ಷಪೂರ್ತಿ ಹರಿಯುತ್ತೆ. ಮೇಲಿನಿಂದ ಕಾಲುವೆ ತೆಗೆದು ನೀರನ್ನು ಒಂದು ಕಟ್ಟೆಯಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ರಾತ್ರಿ ತುಂಬುತ್ತಿತ್ತು, ಹಗಲು ತೂಬು ಎತ್ತಿ, ಸುತ್ತಿಗೆ ಬಡಿಸುವ ಚಕ್ರದ ಮೇಲೆ ಬಿಡುತ್ತಿದ್ದರು. ಡಾನ್, ಶೀಫ್, ಪೋರ್ಟರ್, ರಿವೆಲಿನ್, ಲಾಕ್ಸ್‌ಲಿ ಅಂತ ಶೆಫೀಲ್ಡಿಗೆ ಐದು ಹೊಳೆ. ಐದರ ದಂಡೆಯಲ್ಲೂ ಮಾರುದ್ದಕ್ಕೊಂದು ಕಟ್ಟೆ, ಕಟ್ಟೆಗೊಂದು ಚಕ್ರ ಇತ್ತು. ಸಾಣೆ ಹಿಡಿಯಲು ಬೇಕಾದ ಮರಳುಗಲ್ಲು ಅಲ್ಲೇ ಗುಡ್ಡದಲ್ಲಿ. ಇದ್ದಿಲಿಗೆ ಕಾಡು, ಆಮೇಲೆ ಕಲ್ಲಿದ್ದಲು, ಬೆಂಕಿಗೆ ತಡೆಯುವ ಜೇಡಿ ಎಲ್ಲಾ ಸುತ್ತಮುತ್ತಲೇ. ನಮ್ಮ ತುಂಗಭದ್ರೆಯಲ್ಲಿ ಮಳೆಗಾಲದಲ್ಲಿ ಸೇತುವೆ ಮುಟ್ಟುವಷ್ಟು ನೀರು, ಏಪ್ರಿಲ್‌ನಲ್ಲಿ ಬಂಡೆ ಮೇಲೆ ಬಟ್ಟೆ ಒಣಗಿಸಬಹುದು. ಅಂಥ ನದಿಗೆ ಚಕ್ರ ಕಟ್ಟಿ ಸುತ್ತಿಗೆ ಬಡಿಸುವುದು ಕಷ್ಟ. ನಮ್ಮಲ್ಲಿ ಕುಲುಮೆಗೆ ಗಾಳಿ ಊದುವ ತಿದಿ ಒತ್ತಿದ್ದು ಕೈಯೇ, ಸಮ್ಮಟಿಗೆ ಎತ್ತಿದ್ದೂ ಕೈಯೇ. ನಮ್ಮಜ್ಜನ ತಿದಿ ಒತ್ತುತ್ತಿದ್ದವಳು ನಮ್ಮಜ್ಜಿ.

ಅಬ್ಬೆಡೇಲಿನಲ್ಲಿ ಮಾಡುತ್ತಿದ್ದದ್ದು ಮುಖ್ಯವಾಗಿ ಸೈದ್. ಕನ್ನಡದಲ್ಲಿ ಇದಕ್ಕೆ ಪದ ಇಲ್ಲ, ಯಾಕೆಂದರೆ ನಮ್ಮಲ್ಲಿ ಈ ಹತಾರವೇ ಇಲ್ಲ. ನಿಂತುಕೊಂಡು ಎರಡೂ ಕೈಯಲ್ಲಿ ಬೀಸುವ ದೊಡ್ಡ ಕುಡುಗೋಲು ಅಂದುಕೊಳ್ಳಿ. ಅಲಗೇ ಎರಡು ಮೊಳದ ಹತ್ತಿರ ಬರುತ್ತೆ. ಹುಲ್ಲು, ಗೋಧಿ ಎಲ್ಲಾ ಅದರಲ್ಲೇ ಕೊಯ್ಯುತ್ತಿದ್ದರು. ಬಗ್ಗದೆ ಕೊಯ್ಯಬಹುದು ಅಂತ ಕೇಳಿ ನನ್ನ ಹೆಂಡತಿ ಮೊದಲ ಸಲ ಆಸಕ್ತಿಯಿಂದ ತಿರುಗಿ ನೋಡಿದಳು. ತವರಿನಲ್ಲಿ ಜೋಳ ಕೊಯ್ದು ಸೊಂಟ ಬಿದ್ದವಳು ಅವಳು.

ಆ ಜಾಗದಲ್ಲಿ ಲೋಹದ ಕೆಲಸ ಕನಿಷ್ಠ 13ನೇ ಶತಮಾನದಿಂದ ಇದೆಯಂತೆ. ಈಗ ನಿಂತಿರುವ ಕಟ್ಟಡಗಳು ಅಷ್ಟು ಹಳೆಯವಲ್ಲ. ನೀರಿನಿಂದ ಬಡಿಯುವ ಸುತ್ತಿಗೆ ಮನೆ 1785ರದ್ದು. ಕೆಲಸಗಾರರ ಸಾಲುಮನೆ 1793. ಸಾಣೆ ಮನೆ 1817. 1849ರಲ್ಲಿ ಟೈಜ್ಯಾಕ್ ಅನ್ನೋ ಮನೆತನದ ಕಂಪನಿ ಇದನ್ನು ಗುತ್ತಿಗೆಗೆ ಹಿಡಿದು 1933ರವರೆಗೆ ನಡೆಸಿತು. ನೀರು ಕಮ್ಮಿಯಾದಾಗ ಇರಲಿ ಅಂತ 1855ರಲ್ಲಿ ಒಂದು ಉಗಿ ಎಂಜಿನ್ ಕೂಡ ತಂದಿಟ್ಟರು. ಇಸವಿಗಳು ಇಷ್ಟು ಸಾಕು. ನನಗೆ ಬೆರಗಾಗಿದ್ದು ಬೇರೆ. ಒಂದು ಅಂಗಳ. ಅದರ ಸುತ್ತ ಉಕ್ಕು ಕರಗಿಸುವ ಒಲೆ, ಬಡಿಯುವ ಮನೆ, ಕೈಕುಲುಮೆಗಳು, ಸಾಣೆ ಮನೆ, ಗೋದಾಮು, ಲೆಕ್ಕದ ಕೋಣೆ, ಕೆಲಸಗಾರರ ಮನೆ, ಮ್ಯಾನೇಜರನ ಮನೆ. ಈ ಬಾಗಿಲಲ್ಲಿ ಕಬ್ಬಿಣದ ತುಂಡು ಹೋಗುತ್ತೆ, ಆ ಬಾಗಿಲಲ್ಲಿ ಕೊಯ್ಯುವ ಅಲಗು ಬರುತ್ತೆ. ಆಗಿನ ಶೆಫೀಲ್ಡಿನಲ್ಲಿ ಇದು ಮಾಮೂಲಿ ರೀತಿ ಆಗಿರಲಿಲ್ಲ. ಒಬ್ಬ ಉಕ್ಕು ಮಾಡಿದರೆ ಇನ್ನೊಬ್ಬ ಬಡಿಯುತ್ತಿದ್ದ, ಸಾಣೆ ಹಿಡಿಯೋನು ಮತ್ತೊಂದು ಹೊಳೆ ದಂಡೆಯಲ್ಲಿ ಇರುತ್ತಿದ್ದ.

ಸುತ್ತಿಗೆ ಮನೆಯ ಒಳಗೆ ಕತ್ತಲು. ಎರಡು ದೊಡ್ಡ ಸುತ್ತಿಗೆ. ಸುತ್ತಿಗೆ ಅಂದರೆ ನಮ್ಮ ಕೈಸುತ್ತಿಗೆ ನೆನೆಸಿಕೊಳ್ಳಬೇಡಿ. ಮರದ ತೊಲೆಯೇ ಹಿಡಿ. ನೀರಿನ ಚಕ್ರದ ದಿಂಡಿಗೆ ಹಲ್ಲುಗಳಿವೆ. ಒಂದೊಂದು ಹಲ್ಲೂ ಬಂದು ತೊಲೆಯ ಬಾಲ ಒತ್ತುತ್ತೆ, ತಲೆ ಮೇಲೆದ್ದು ಬೀಳುತ್ತೆ. ನಮ್ಮ ಹಳೇ ಏತವನ್ನು ಯಾರಾದರೂ ಹುಚ್ಚು ಹಿಡಿದಂತೆ ಓಡಿಸಿದರೆ ಹೇಗೋ ಹಾಗೆ.

ಇಲ್ಲಿ ಮಾಡುತ್ತಿದ್ದ ಕೆಲಸ ಕೇಳಿ ನಾನು ಒಂದು ಕ್ಷಣ ಸುಮ್ಮನಾದೆ. ಎರಡು ಮೆದು ಕಬ್ಬಿಣದ ಪಟ್ಟಿ ನಡುವೆ ಒಂದು ಉಕ್ಕಿನ ಪಟ್ಟಿ ಇಟ್ಟು, ಬೆಳ್ಳಗೆ ಕಾಯಿಸಿ, ಸುತ್ತಿಗೆಯ ಕೆಳಗೆ ಮೂರೂ ಒಂದಾಗುವ ಹಾಗೆ ಬೆಸೆಯುತ್ತಿದ್ದರು. ಆಮೇಲೆ ಎರಡನೇ ಸುತ್ತಿಗೆಯಲ್ಲಿ ತೆಳ್ಳಗೆ ಹಣಿಯುತ್ತಿದ್ದರು. ನಡುವಿನ ಉಕ್ಕು ಕೊಯ್ಯುತ್ತೆ, ಅಕ್ಕಪಕ್ಕದ ಕಬ್ಬಿಣ ಅದನ್ನು ಮುರಿಯದ ಹಾಗೆ ಹಿಡಿದುಕೊಳ್ಳುತ್ತೆ. ಸಾಣೆ ಹಿಡಿದಷ್ಟೂ ಹೊಸ ಉಕ್ಕು ಹೊರಗೆ ಬರುತ್ತೆ. ನಮ್ಮಜ್ಜ ಕೊಡಲಿ ಬಾಯಿಗೆ ಮಾಡುತ್ತಿದ್ದದ್ದು ಇದೇ ಕೆಲಸ. ಅವರ ಕಾಲಕ್ಕೆ ಉಕ್ಕು ಅಂದರೆ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಾ. ಕೊಡಲಿಯ ಬಾಯಿ ಸೀಳಿ, ಪಟ್ಟಾದ ತುಂಡು ಒಳಗೆ ಕೂರಿಸಿ, ಮೇಲೆ ಒಂದು ಹಿಡಿ ಸಣ್ಣ ಮರಳು ಉದುರಿಸಿ ಕಾಯಿಸುತ್ತಿದ್ದರು. "ಬೆವರು ಬಿಡ್ತು, ಈಗ ಹಾಕು" ಅಂತಿದ್ದರು. ಕಬ್ಬಿಣದ ಮೇಲೆ ಮರಳು ಕರಗಿ ಹೊಳೆಯೋದಕ್ಕೆ ಅವರ ಮಾತಿನಲ್ಲಿ ಬೆವರು. ಆಗ ಸಮ್ಮಟಿಗೆ ಹಾಕಬೇಕಾದವನು ನಾನು, ಎಂಟನೇ ಕ್ಲಾಸಿನ ಹುಡುಗ. ಒಂದು ಪೆಟ್ಟು ತಪ್ಪಿದರೆ ಬೆಸುಗೆಯೂ ಹೋಯಿತು, ಬೈಗುಳವೂ ಬಂತು.

ಊರಿನವರು ಅಜ್ಜನಿಗೆ ದುಡ್ಡು ಕೊಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಕಣದಲ್ಲಿ ಆಯ ಕೊಡುತ್ತಿದ್ದರು. ಇಷ್ಟು ಜೋಳ, ಇಷ್ಟು ರಾಗಿ, ಒಂದು ಹೊರೆ ಸೊಪ್ಪೆ. ಅದಕ್ಕೆ ವರ್ಷಪೂರ್ತಿ ಕುಳ ಹಣಿಸಿ ಕೊಡಬೇಕು, ಕುಂಟೆ ತಟ್ಟಿ ಕೊಡಬೇಕು. ಅಬ್ಬೆಡೇಲಿನ ಸಾಲುಮನೆಯಲ್ಲಿದ್ದವರಿಗೆ ವಾರದ ಕೂಲಿ. ಯಾವುದು ಒಳ್ಳೇದು ಅಂತ ನಾನು ಹೇಳಲಾರೆ. ಅಜ್ಜನಿಗೆ ಬರಗಾಲದಲ್ಲಿ ಆಯವೂ ಬರುತ್ತಿರಲಿಲ್ಲ.

ನಾನು ಜಾಸ್ತಿ ಹೊತ್ತು ನಿಂತಿದ್ದು ಉಕ್ಕು ಕರಗಿಸುವ ಮನೆಯಲ್ಲಿ. ಮೂಸೆ ಒಲೆಗಳು. ಮೂಸೆ ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆ. ಹೀಗೆ ಪೂರ್ತಿಯಾಗಿ ಉಳಿದಿರುವ ಇಂಥ ಒಲೆ ಪ್ರಪಂಚದಲ್ಲಿ ಇದೊಂದೇ ಅಂತ ಅಲ್ಲಿನವರ ಹೆಮ್ಮೆ. ಅಕ್ಕಸಾಲಿಗರ ಅಂಗಡಿಯಲ್ಲಿ ಬೆರಳುದ್ದದ ಮೂಸೆ ನೋಡಿರುತ್ತೀರಿ. ಇಲ್ಲಿನವು ಮೊಣಕಾಲೆತ್ತರ. ಒಂದರಲ್ಲಿ ಇಪ್ಪತ್ತೈದು ಕೆಜಿ ಆಸುಪಾಸು ಉಕ್ಕು ಹಿಡಿಯುತ್ತೆ. ಮೂಸೆಗಳನ್ನೂ ಅಲ್ಲೇ ಮಾಡುತ್ತಿದ್ದರು. ಆ ಕೋಣೆಯ ಒಂದು ಮೂಲೆಯ ನೆಲವನ್ನು ತೋರಿಸಿ ನೋಡಿಕೊಳ್ಳುವ ಹಿರಿಯರೊಬ್ಬರು ಒಂದು ಮಾತು ಹೇಳಿದರು. ಮಗಳು ಕನ್ನಡ ಮಾಡಿ ಹೇಳಿದಳು. "ಮಣ್ಣನ್ನು ಇಲ್ಲಿ ಹಾಕಿ ಬರಿಗಾಲಲ್ಲಿ ತುಳೀತಿದ್ರಂತೆ ಅಪ್ಪಾ, ಗಂಟೆಗಟ್ಟಲೆ."

ಯಾಕೆ ಬರಿಗಾಲು? ಬೂಟಿಗೆ ಗೊತ್ತಾಗುವುದಿಲ್ಲ. ಮಣ್ಣಿನಲ್ಲಿ ಒಂದು ಕಾಳಿನಷ್ಟು ಕಲ್ಲು ಇದ್ದರೂ, ಒಂದು ಗುಳ್ಳೆ ಗಾಳಿ ಸಿಕ್ಕಿಕೊಂಡಿದ್ದರೂ, ಒಲೆಯಲ್ಲಿ ಮೂಸೆ ಸೀಳುತ್ತೆ. ಸೀಳಿದರೆ ಅಷ್ಟೂ ಉಕ್ಕು ಬೆಂಕಿಯ ಪಾಲು. ಅದಕ್ಕೆ ಹಿಮ್ಮಡಿಯಿಂದ ಒತ್ತಿ, ಬೆರಳ ಸಂದಿಯಲ್ಲಿ ಮಣ್ಣು ಹಾಯಿಸಿ, ಸಿಕ್ಕ ಕಲ್ಲನ್ನು ಆಯ್ದು ಬಿಸಾಡಿ, ಮಡಚಿ, ಮತ್ತೆ ತುಳಿಯುವುದು. ನಮ್ಮ ಕುಂಬಾರರು ಮಾಡೋದೂ ಇದೇ ಅಲ್ವಾ? ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿ ಅಂತ ಹೈಸ್ಕೂಲಿನಲ್ಲಿ ಹತ್ತು ಮಾರ್ಕಿಗೆ ಬರೆದಿದ್ದೆ. ಅದರಲ್ಲಿ ಯಾರದ್ದೋ ಹಿಮ್ಮಡಿ ಇತ್ತು ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ತುಳಿದ ಮಣ್ಣನ್ನು ಅಚ್ಚಿಗೆ ಹಾಕಿ, ಮೇಲಿಂದ ದಿಂಡು ಬಡಿದು ಮೂಸೆಯ ಆಕಾರ ತರುತ್ತಿದ್ದರು. ವಾರಗಟ್ಟಲೆ ನೆರಳಲ್ಲಿ ಒಣಗಿಸುತ್ತಿದ್ದರು. ಇಷ್ಟೆಲ್ಲಾ ಮಾಡಿದ ಮೂಸೆ ಬಾಳುತ್ತಿದ್ದದ್ದು ಒಂದೇ ದಿನ. ಮೂರು ಸಲ ಉಕ್ಕು ಕರಗಿಸಿದರೆ ಮುಗಿಯಿತು.

ಈ ಒಲೆಯ ಹಿಂದೆ ಬೆಂಜಮಿನ್ ಹಂಟ್ಸ್‌ಮನ್ ಅಂತ ಒಬ್ಬ ಗಡಿಯಾರದವನಿದ್ದಾನೆ. 1704ರಲ್ಲಿ ಹುಟ್ಟಿದವನು, ಡಾಂಕಾಸ್ಟರಿನಲ್ಲಿ ಗಡಿಯಾರ ಮಾಡಿಕೊಂಡಿದ್ದ. ಅವನಿಗೆ ಸಿಗುತ್ತಿದ್ದ ಉಕ್ಕು ಸರಿ ಇರಲಿಲ್ಲ. ಆಗ ಅಲ್ಲಿ ಉಕ್ಕು ಮಾಡುತ್ತಿದ್ದದ್ದು ಹೇಗೆ ಅಂದರೆ, ಸ್ವೀಡನ್ನಿನ ಕಬ್ಬಿಣದ ಸರಳುಗಳನ್ನು ಇದ್ದಿಲ ಪುಡಿಯಲ್ಲಿ ಹೂತು ವಾರದ ತನಕ ಬೇಯಿಸುತ್ತಿದ್ದರು. ಇದ್ದಿಲಿನ ಸತ್ವ ಹೊರಗಿನಿಂದ ಒಳಗೆ ಇಳಿಯುತ್ತೆ, ಆದರೆ ಎಲ್ಲಾ ಕಡೆ ಸಮ ಇಳಿಯುವುದಿಲ್ಲ. ಹೊರಗೆ ಗಟ್ಟಿ, ಒಳಗೆ ಮೆದು. ಅಂಥದ್ದರಲ್ಲಿ ಗಡಿಯಾರದ ಸ್ಪ್ರಿಂಗ್ ಮಾಡಿದರೆ ಎಲ್ಲಿ ಮೆದುವೋ ಅಲ್ಲಿ ಕೈಕೊಡುತ್ತೆ. ಹಂಟ್ಸ್‌ಮನ್ ಶೆಫೀಲ್ಡಿನ ಹತ್ತಿರ ಬಂದು 1740ರ ದಶಕದಲ್ಲಿ ಆ ಉಕ್ಕನ್ನು ಮೂಸೆಯಲ್ಲಿ ಹಾಕಿ, ಕೋಕ್ ಅನ್ನೋ ಸುಟ್ಟ ಕಲ್ಲಿದ್ದಲಿನ ಬೆಂಕಿಯಲ್ಲಿ ನೀರಾಗುವ ತನಕ ಕರಗಿಸಿದ. ಪೂರ್ತಿ ಕರಗಿದರೆ ಎಲ್ಲಾ ಒಂದೇ ಹದ. ತಮಾಷೆ ಅಂದರೆ, ಶೆಫೀಲ್ಡಿನ ಚಾಕು ಮಾಡುವವರು ಅದನ್ನು ಮೊದಲು ಮುಟ್ಟಲಿಲ್ಲ. ಬಹಳ ಗಟ್ಟಿ, ಬಡಿಯೋಕೆ ಆಗಲ್ಲ ಅಂದರು. ಅವನು ಫ್ರಾನ್ಸಿಗೆ ಮಾರಿದ. ಫ್ರಾನ್ಸಿನ ಚಾಕು ಚೆನ್ನಾಗಿ ಓಡತೊಡಗಿದ ಮೇಲೆ ಇವರಿಗೆ ಬಿಸಿ ಮುಟ್ಟಿತು.

ಇಲ್ಲಿ ಒಂದು ವಿಷಯ ಹೇಳದೆ ಇರೋಕೆ ಆಗಲ್ಲ. ಮೂಸೆಯಲ್ಲಿ ಉಕ್ಕು ಮಾಡೋದು ಹಂಟ್ಸ್‌ಮನ್‌ಗೂ ಎಷ್ಟೋ ಶತಮಾನ ಮೊದಲೇ ದಕ್ಷಿಣ ಭಾರತದಲ್ಲಿ ಇತ್ತು. ಇಂಗ್ಲಿಷಿನವರು ಅದನ್ನು "ವೂಟ್ಜ್" ಅಂತ ಕರೆದರು. ಆ ಪದ ಬಂದಿದ್ದು ನಮ್ಮ "ಉಕ್ಕು" ಪದದಿಂದ ಅಂತಲೇ ಬಹಳ ಜನ ವಿದ್ವಾಂಸರು ಹೇಳುತ್ತಾರೆ. 1794ರಲ್ಲಿ ಮುಂಬೈಯಿಂದ ಹೆಲೆನಸ್ ಸ್ಕಾಟ್ ಅನ್ನೋ ಡಾಕ್ಟರು ಅದರ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿ ಅನ್ನೋ ವಿಜ್ಞಾನಿಗಳ ಸಂಘಕ್ಕೆ ಕಳಿಸಿದರು. ಮರುವರ್ಷ ಜಾರ್ಜ್ ಪಿಯರ್ಸನ್ ಅನ್ನೋ ವಿಜ್ಞಾನಿ ಅದನ್ನು ಪರೀಕ್ಷೆ ಮಾಡಿ ಪ್ರಬಂಧ ಓದಿದರು. ಕರೆಂಟಿನ ಫ್ಯಾರಡೆ ಇದ್ದಾರಲ್ಲ, ಅವರೂ 1819ರ ಆಸುಪಾಸಿನಲ್ಲಿ ಕೆಲವು ವರ್ಷ ಇದರ ಗುಟ್ಟು ಹುಡುಕುತ್ತಾ ಕೂತಿದ್ದರು.

ಮತ್ತೆ, ಇದು ಎಲ್ಲೋ ದೂರದ ಮಾತಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಹೀಗೆ ಉಕ್ಕು ಮಾಡಿದ ಮೂಸೆಗಳ ಚೂರು ಸಿಕ್ಕಿವೆ. ಭೂವಿಜ್ಞಾನಿ ಟಿ.ಆರ್. ಅನಂತರಾಮು, ಬ್ರಿಟಿಷ್ ಮ್ಯೂಸಿಯಂನ ಪಾಲ್ ಕ್ರಾಡಕ್ ಮತ್ತಿತರರು ಸೇರಿ 1999ರಲ್ಲಿ ಆ ಊರಿನ ಉಕ್ಕಿನ ಬಗ್ಗೆಯೇ ಒಂದು ಪ್ರಬಂಧ ಬರೆದಿದ್ದಾರೆ. ನಮ್ಮ ಮೂಸೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಒಳಗೆ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಒಂದೆರಡು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ತಂಗಡಿ ಕಡ್ಡಿ ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ತಂಗಡಿ ಅಂದರೆ ನಮ್ಮ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುತ್ತಲ್ಲ, ದನವೂ ಮೂಸದ ಗಿಡ, ಅದೇ. ಅದು ಒಳಗೆ ಸುಟ್ಟು ಇದ್ದಿಲಾಗಿ ಕಬ್ಬಿಣದೊಳಗೆ ಸೇರಬೇಕು. ಶೆಫೀಲ್ಡಿನವರು ಕರಗಿದ ಉಕ್ಕನ್ನು ಅಚ್ಚಿಗೆ ಹೊಯ್ಯುತ್ತಿದ್ದರು. ನಮ್ಮವರು ಹೊಯ್ಯುತ್ತಿರಲಿಲ್ಲ. ಮೂಸೆಯಲ್ಲೇ ನಿಧಾನಕ್ಕೆ ಆರಲು ಬಿಟ್ಟು, ಆಮೇಲೆ ಮೂಸೆ ಒಡೆದು ಗಟ್ಟಿ ತೆಗೆಯುತ್ತಿದ್ದರು. ಅದಕ್ಕೇ ಚೂರುಗಳು.

ನನ್ನ ತಲೆಯಲ್ಲಿ ಕೂತಿದ್ದು ಮಣ್ಣಿನ ಪಾಕ. ಶೆಫೀಲ್ಡಿನ ಮಣ್ಣಿಗೆ ಹಳೇ ಮೂಸೆಯ ಪುಡಿ, ಕೋಕ್ ಪುಡಿ ಬೆರೆಸುತ್ತಿದ್ದರು. ನಮ್ಮ ಮೂಸೆಯ ಮಣ್ಣಿಗೆ ಭತ್ತದ ಹೊಟ್ಟು. ಹೊಟ್ಟು ಒಳಗೇ ಕರಕಲಾಗಿ ಮಣ್ಣು ಕಪ್ಪಾಗುತ್ತೆ, ಬೆಂಕಿ ತಡೆಯುತ್ತೆ. ಚೂರುಗಳಲ್ಲಿ ಹೊಟ್ಟಿನ ಗುರುತು ಕಾಣುತ್ತೆ. ದಾವಣಗೆರೆಯವರಿಗೆ ಹೊಟ್ಟಿನ ಬಗ್ಗೆ ಹೇಳಬೇಕಾ? ಮಂಡಕ್ಕಿ ಭಟ್ಟಿ ಕಡೆ ಒಂದು ಸಂಜೆ ಹಾದು ಹೋದರೆ ಅಂಗಿ ತುಂಬಾ ಹೊಟ್ಟಿನ ಬೂದಿ. ನಾವು ಬ್ಯಾಗಿನಲ್ಲಿ ಹೊತ್ತುಕೊಂಡು ಹೋಗಿದ್ದ ಮಂಡಕ್ಕಿಯೂ ಅಲ್ಲಿಂದಲೇ ಬಂದಿದ್ದು.

ಆ ಹಿರಿಯರಿಗೆ ಮಗಳ ಕೈಲಿ ಹೇಳಿಸಿದೆ, ವೂಟ್ಜ್ ಅಂತ ನೀವು ಹೇಳೋದು ನಮ್ಮ ಭಾಷೆಯ ಪದ, ಅದು ಉಕ್ಕು ಅಂತ. ಅವರು ಎರಡು ಮೂರು ಸಲ ಪ್ರಯತ್ನ ಪಟ್ಟರು. ಊಕೂ, ಉಕೂ. "ಕ್ಕು" ಅವರಿಗೆ ಬರಲೇ ಇಲ್ಲ. ನನ್ನ ಹೆಂಡತಿ, "ಹಾಲು ಉಕ್ಕೋದೂ ಅದೇ ಅಂತ ಹೇಳು" ಅಂದಳು. ಮಗಳು ಹೇಳಲಿಲ್ಲ. ಹೇಳಿದ್ದರೆ ಸಂಜೆಯಾಗುತ್ತಿತ್ತು.

ಕರಗಿಸುವ ಕೆಲಸದ ವಿವರ ಇನ್ನೂ ಚೆನ್ನಾಗಿದೆ. ಒಲೆಗಳು ನೆಲದ ಮಟ್ಟದಲ್ಲಿ ಬಾವಿಯ ಹಾಗೆ. ಕೆಳಗೆ ನೆಲಮಾಳಿಗೆ. ಗಾಳಿ ಅಲ್ಲಿಂದ ಬರಬೇಕು, ಬೂದಿ ಅಲ್ಲಿಗೆ ಬೀಳಬೇಕು. ಅಲ್ಲಿ ಕೆಲಸ ಮಾಡೋದು ಒಬ್ಬ ಹುಡುಗ. ಸ್ಟೇನ್‌ಲೆಸ್ ಸ್ಟೀಲ್ ಕಂಡುಹಿಡಿದ ಹ್ಯಾರಿ ಬ್ರೇರ್ಲಿಯೂ ಶೆಫೀಲ್ಡಿನವನೇ, ಹನ್ನೆರಡು ವರ್ಷಕ್ಕೇ ಓದು ಬಿಟ್ಟು ಅಪ್ಪ ಕೆಲಸ ಮಾಡುತ್ತಿದ್ದ ಉಕ್ಕಿನ ಕಾರ್ಖಾನೆ ಸೇರಿದವನು. 1913ರಲ್ಲಿ ಅವನು ಮಾಡಿದ್ದರಿಂದಲೇ ನಮ್ಮ ಮನೆಯ ಸ್ಟೀಲ್ ಲೋಟ.

ಮೂರು ನಾಲ್ಕು ಗಂಟೆ ಕಾದ ಮೇಲೆ ಉಕ್ಕು ನೀರಾಗುತ್ತೆ. 1600 ಡಿಗ್ರಿ ಹತ್ತಿರ. ಅಳೆಯೋಕೆ ಏನೂ ಇರಲಿಲ್ಲ, ಕಣ್ಣೇ. ಕರಗಿದ ಕೂಡಲೇ ತೆಗೆದರೆ ಗುಳ್ಳೆ ಏಳುತ್ತೆ, ಅಚ್ಚಿನಲ್ಲಿ ಜೇನುಗೂಡಿನ ಹಾಗಾಗುತ್ತೆ. ಇನ್ನೂ ಅರ್ಧ ಗಂಟೆ ಬಿಟ್ಟು ಅದು ಸುಮ್ಮನಾಗಲು ಕಾಯುತ್ತಾರೆ. ಇದಕ್ಕೆ ಅವರ ಮಾತಿನಲ್ಲಿ ಉಕ್ಕನ್ನು ಸಾಯಿಸೋದು ಅಂತ. ಆಮೇಲೆ ಒಬ್ಬ ಆಳು ಕಾಲಿಗೆ, ತೊಡೆಗೆ ಒದ್ದೆ ಗೋಣಿ ಸುತ್ತಿಕೊಂಡು ಒಲೆಯ ಬಾಯಿಯ ಮೇಲೇ ಕಾಲಗಲಿಸಿ ನಿಂತು, ಉದ್ದನೆ ಇಕ್ಕಳದಿಂದ ಮೂಸೆ ಎತ್ತುತ್ತಾನೆ. ಇನ್ನೊಬ್ಬ ಅದನ್ನು ತೊಡೆಗೆ ಆನಿಸಿಕೊಂಡು ಅಚ್ಚಿಗೆ ಹೊಯ್ಯುತ್ತಾನೆ. ಧಾರೆ ಅಚ್ಚಿನ ಗೋಡೆಗೆ ತಾಗಬಾರದು, ನಡುವೆ ಕಡಿಯಬಾರದು. ಈಗ ಅಲ್ಲಿ ಬೆಂಕಿ ಇಲ್ಲ, ತಣ್ಣಗಿದೆ. ಆದರೂ ಆ ಒಲೆ ಬಾಯಿಯ ಕಬ್ಬಿಣದ ಅಂಚಿನ ಹತ್ತಿರ ನಾನು ಪಾದ ಇಟ್ಟು, ಎಷ್ಟು ಅಗಲ ನಿಲ್ಲಬೇಕಾಗುತ್ತೆ ಅಂತ ನೋಡಿದೆ. ಮಗಳು "ಅಪ್ಪಾ, ಎಲ್ಲಾ ನೋಡ್ತಿದಾರೆ" ಅಂದಳು.

ಸಾಣೆ ಮನೆಯಲ್ಲಿ ಸಾಲಾಗಿ ಕಲ್ಲುಗಳು, ಒಂದೊಂದೂ ಎತ್ತಿನ ಗಾಡಿಯ ಗಾಲಿಯಷ್ಟು. ಸಾಣೆಯವನು ಮರದ ಪೀಠದ ಮೇಲೆ ಕುದುರೆ ಸವಾರಿ ಮಾಡುವ ಹಾಗೆ ಕೂತು ಅಲಗನ್ನು ಕಲ್ಲಿಗೆ ಒತ್ತುತ್ತಾನೆ. ಕಲ್ಲು ಓಡುವಾಗ ಸೀಳಿ ಹಾರಿ ಸತ್ತವರಿದ್ದಾರೆ. ಅದಕ್ಕಿಂತ ಜಾಸ್ತಿ ಜನ ಸತ್ತಿದ್ದು ಧೂಳಿಗೆ. ಅಬ್ಬೆಡೇಲಿನಲ್ಲಿ ನೀರು ಹಾಕಿ ಸಾಣೆ ಹಿಡಿಯುತ್ತಿದ್ದರು, ಅಷ್ಟು ವಾಸಿ. ಒಣ ಕಲ್ಲಿನಲ್ಲಿ ಮುಳ್ಳುಚಮಚ ಉಜ್ಜುತ್ತಿದ್ದವರು ಮೂವತ್ತು ನಲವತ್ತು ವರ್ಷಕ್ಕೇ ಎದೆ ಕಟ್ಟಿ ಹೋಗುತ್ತಿದ್ದರು. ಇದನ್ನು ಓದಿ ನಾನು ಅಲ್ಲಿಂದಲೇ ವರ್ಕ್‌ಶಾಪಿಗೆ ಫೋನ್ ಹಚ್ಚಿ, "ಗ್ರೈಂಡರ್ ಹಿಡಿಯೋವಾಗ ಮಾಸ್ಕ್ ಹಾಕ್ಕೊಳ್ರೋ" ಅಂದೆ. ಊರಲ್ಲಿದ್ದಾಗ ಒಂದು ದಿನವೂ ಹೇಳಿರಲಿಲ್ಲ. ಹುಡುಗರು ಗಾಬರಿಯಾಗಿ, "ಯಾಕಣ್ಣ, ಅಲ್ಲೇನಾತು?" ಅಂತ ಕೇಳಿದರು.

ಇಂಥ ಜಾಗ ಉಳಿದಿದ್ದು ಹೇಗೆ? 1933ರಲ್ಲಿ ಟೈಜ್ಯಾಕ್ ಕಂಪನಿ ಬಿಟ್ಟು ಹೋಯಿತು. ಸೈದ್ ಕೇಳುವವರು ಕಡಿಮೆಯಾಗಿದ್ದರು, ಕೊಯ್ಯೋಕೆ ಮಷಿನ್ ಬಂದಿತ್ತು. ಇಂಥ ಜಾಗ ಸಾಮಾನ್ಯವಾಗಿ ಏನಾಗುತ್ತೆ ಅಂತ ನಮಗೆ ಗೊತ್ತು. ಮೊದಲು ಮಷಿನ್ ಹೋಗುತ್ತೆ, ಆಮೇಲೆ ತಗಡು, ಕಡೆಗೆ ಇಟ್ಟಿಗೆ. 1935ರಲ್ಲಿ ಜೆ.ಜಿ. ಗ್ರೇವ್ಸ್ ಅನ್ನುವ ಶೆಫೀಲ್ಡಿನ ಸಾಹುಕಾರ ಅದನ್ನು ಕೊಂಡು ಊರಿಗೆ ಕೊಟ್ಟ. ಅಂಚೆಯಲ್ಲಿ ಗಡಿಯಾರ ಮಾರಿ ದುಡ್ಡು ಮಾಡಿದ ಆಸಾಮಿ ಅವನು. ಮೂಸೆ ಉಕ್ಕು ಶುರು ಮಾಡಿದವನು ಗಡಿಯಾರದವನು, ಮೂಸೆ ಒಲೆ ಉಳಿಸಿದವನೂ ಗಡಿಯಾರದವನು. ಎರಡನೇ ಮಹಾಯುದ್ಧದಲ್ಲಿ ಆ ಒಲೆಗಳಿಗೆ ಮತ್ತೆ ಬೆಂಕಿ ಬಿತ್ತು, ಉಕ್ಕು ಬೇಕಾಗಿತ್ತು. ಆಮೇಲೆ ಮತ್ತೆ ಪಾಳು. ಊರಿನ ಹಳೇದನ್ನು ಉಳಿಸಬೇಕು ಅನ್ನುವ ಕೆಲವು ಜನ ಸೇರಿ ದುರಸ್ತಿ ಮಾಡಿಸಿ, 1970ರಲ್ಲಿ ಮ್ಯೂಸಿಯಂ ಬಾಗಿಲು ತೆಗೆದರು. ಅಂದರೆ ಬಾಗಿಲು ಹಾಕಿದ್ದಕ್ಕೂ ತೆಗೆದಿದ್ದಕ್ಕೂ ಮಧ್ಯೆ 37 ವರ್ಷ. ಅಷ್ಟು ವರ್ಷ ಯಾರೂ ಆ ಸುತ್ತಿಗೆಗಳನ್ನು ತೂಕಕ್ಕೆ ಹಾಕಲಿಲ್ಲ. ನನಗೆ ಹೊಟ್ಟೆಯುರಿದಿದ್ದು ಇದಕ್ಕೇ.

ಯಾಕೆಂದರೆ ನಾನು ಹಾಕಿದ್ದೇನೆ.

ಅಜ್ಜ 1996ರಲ್ಲಿ ಹೋದರು. ಎರಡು ವರ್ಷದ ಮೇಲೆ ಮನೆ ಪಾಲಾಯಿತು. ಕುಲುಮೆಯ ಸಾಮಾನು ಯಾರಿಗೂ ಬೇಡವಾಗಿತ್ತು. ತಿದಿಯ ಚರ್ಮವನ್ನು ಇಲಿ ತಿಂದಿತ್ತು. ಅಪ್ಪ, "ನೋಡೋ, ಏನಾದ್ರೂ ಮಾಡು" ಅಂದರು. ನಾನಾಗ ಹೊಸದಾಗಿ ಲೇತ್ ಹಾಕಿದ್ದೆ, ಬ್ಯಾಂಕಿನ ಕಂತು ಕಟ್ಟಬೇಕಿತ್ತು, ತಲೆಯಲ್ಲಿ ಬೇರೇನೂ ಇರಲಿಲ್ಲ. ಗುಜರಿಯವನನ್ನು ಕರೆದೆ. ಅಡಿಗಲ್ಲು 32 ಕೆಜಿ ತೂಗಿತು. ಕೆಜಿಗೆ ಐದು ರೂಪಾಯಿ, 160 ರೂಪಾಯಿ. ಇಕ್ಕಳ, ಸಮ್ಮಟಿಗೆ, ಚಾಣ ಎಲ್ಲಾ ಸೇರಿಸಿ ಇನ್ನೂರೈವತ್ತು ಕೊಟ್ಟ. ಈಗಿನ ಹುಡುಗರಿಗೆ ಅಡಿಗಲ್ಲು ಅಂದರೆ ಮಂತ್ರಿಗಳು ಬಂದು ಹಾಕೋದು. ನಮ್ಮ ಮನೆಯಲ್ಲಿ ಅಡಿಗಲ್ಲು ಅಂದರೆ ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ. ಕಬ್ಬಿಣದ್ದೇ ಆದರೂ ಹೆಸರು ಕಲ್ಲು. ಅದರ ಮುಖ ನಡುವೆ ಒಂಚೂರು ತಗ್ಗಾಗಿತ್ತು, ಅಂಗೈಯ ಹಾಗೆ. ಕುಡುಗೋಲಿನ ಬೆನ್ನು ಬಾಗಿಸೋಕೆ ಅಜ್ಜ ಆ ತಗ್ಗನ್ನೇ ಬಳಸುತ್ತಿದ್ದರು. ಗುಜರಿಯವನು ಅದನ್ನು ಗಾಡಿಗೆ ಎಸೆದಾಗ ಠಣ್ ಅಂತ ಒಂದು ಸದ್ದು ಬಂತು. ಒಳ್ಳೇ ಕಬ್ಬಿಣದ ಸದ್ದು. ಟರ್ನರ್ ಕಿವಿ ನನ್ನದು, ಆಗಲೇ ಗೊತ್ತಾಗಬೇಕಿತ್ತು.

ಆಗಸ್ಟಿನಲ್ಲಿ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಮನೆ. ಅಜ್ಜನ ಕುಲುಮೆ ಇದ್ದ ಜಾಗದಲ್ಲಿ ಈಗ ಬೈಕ್ ನಿಲ್ಲಿಸುವ ಶೆಡ್ಡಿದೆ. ಸುಮ್ನೆ ಹಿತ್ತಲ ಕಡೆ ಹೋದೆ. ಅಲ್ಲಿ ಕಲ್ಲುಬಾನಿ ಕಾಣಿಸಿತು. ಅಜ್ಜ ಕಾದ ಕುಡುಗೋಲನ್ನು ಅದ್ದಿ ಹದ ಹಾಕುತ್ತಿದ್ದ ಬಾನಿ. ನೇರಳೆ ಬಣ್ಣ ಬರೋ ತನಕ ನೋಡುತ್ತಾ ಇದ್ದು, ಛುಸ್ ಅಂತ ಅದ್ದುತ್ತಿದ್ದರು. ಕಲ್ಲು ಅಂತ ಗುಜರಿಯವನು ಬಿಟ್ಟು ಹೋಗಿದ್ದಾನೆ. ಒಂದು ಅಂಚಿನಲ್ಲಿ ಅಜ್ಜ ಇಕ್ಕಳ ಊರುತ್ತಿದ್ದ ಕಡೆ ಕಲ್ಲು ಸವೆದು ನುಣ್ಣಗಿದೆ, ತುಕ್ಕಿನ ಕೆಂಪು ಕಲ್ಲಿನೊಳಗೇ ಇಳಿದಿದೆ. ಬೆರಳಿಟ್ಟು ಉಜ್ಜಿದೆ, ಹೋಗಲಿಲ್ಲ.

ಬಾನಿ ತುಂಬಾ ಕಲಗಚ್ಚು ಇತ್ತು. ಎಮ್ಮೆ ನನ್ನ ಕೈಯನ್ನು ಮೂಗಿನಿಂದ ಆಚೆ ತಳ್ಳಿ ಕುಡಿಯೋಕೆ ಶುರು ಮಾಡಿತು.

"ಇದನ್ನ ಹರಿಹರಕ್ಕೆ ತಗೊಂಡು ಹೋಗ್ಲಾ ಚಿಕ್ಕಮ್ಮ?" ಅಂತ ಕೇಳಿದೆ.

"ತಗೊಂಡು ಹೋಗಪ್ಪ," ಅಂದರು ಚಿಕ್ಕಮ್ಮ. "ಎಮ್ಮೆಗೆ ಒಂದು ಪ್ಲಾಸ್ಟಿಕ್ ಬಾನಿ ತಂದುಕೊಟ್ಟು ತಗೊಂಡು ಹೋಗು."